ಹತ್ತನೆಯ ಹಾಜರಿ

ಸಂಜೆಯಿಂದ ಮಳೆ ಹಿಡಿದಿತ್ತು, ಕರೆಂಟು ಕೈಕೊಟ್ಟಿತ್ತು. ಮೇಣದಬತ್ತಿಯ ಸುತ್ತ ಮೊಮ್ಮಕ್ಕಳೆಲ್ಲ ಅಜ್ಜಿಗೆ ಅಂಟಿಕೊಂಡು ಕೂತಿದ್ದರು. ಎಲ್ಲರಿಗಿಂತ ಹತ್ತಿರ ಚೂಟಿ. ಹನ್ನೆರಡು ತುಂಬಿದರೂ ಅಜ್ಜಿಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳದೆ ಅವಳಿಗೆ ಕತೆ ಇಳಿಯದು. ಅವಳ ಅಪ್ಪ ಬಾಗಿಲ ಬಳಿ ಮುರಿದ ಕೊಡೆ ಸರಿಮಾಡುತ್ತಿದ್ದ.

“ದೆವ್ವದ ಕತೆ ಬೇಕಾ? ಹೆದರಿ ಹಾಸಿಗೆ ಒದ್ದೆ ಮಾಡಿದ್ರೆ ಒಗೆಯೋಳು ನಾನಲ್ಲ, ನೋಡಿ ಮತ್ತೆ!” ಎಂದು ಗದರಿಸಿ ಅಜ್ಜಿ ಶುರು ಮಾಡಿದಳು.

“ನಾನು ಕೆಲಸದಲ್ಲಿದ್ದಾಗ ಒಂದು ಹಳ್ಳಿ ಶಾಲೆಗೆ ನಾನೊಬ್ಳೇ ಟೀಚರು. ಒಂದೇ ಕೋಣೆ, ಒಂಬತ್ತು ಮಕ್ಕಳು. ಹತ್ತಕ್ಕಿಂತ ಕಮ್ಮಿ ಇದ್ರೆ ಬೀಗ ಜಡೀತೀವಿ ಅಂತ ಮೇಲಿಂದ ಕಾಗದ ಬಂತು. ಬೀಗ ಬಿದ್ರೆ ಆ ಚಿಳ್ಳೆಪಿಳ್ಳೆಗಳು ಹೊಳೆ ದಾಟಿ ಹೋಗ್ಬೇಕು… ಯಾರು ಕಳಿಸ್ತಾರೆ ಹೇಳಿ? ಅದಕ್ಕೇ ದಾಖಲಾತಿ ಪುಸ್ತಕದಲ್ಲಿ ಇಲ್ಲದ ಹುಡುಗನೊಬ್ಬನನ್ನ ಬರೆದೆ. ಒಂದು ಹೆಸರು ಹುಟ್ಟಿಸಿದೆ, ವಯಸ್ಸು ಆರು ಅಂದೆ. ತಾಯಿ ಹೆಸರು ಅನ್ನೋ ಕಡೆ ಪೆನ್ನು ನಿಂತುಹೋಯ್ತು. ಬೇರೆಯವರ ತಲೆಗೆ ಯಾಕೆ ಕಟ್ಟಲಿ ಅಂತ ನನ್ನ ಹೆಸರನ್ನೇ ಗೀಚಿದೆ.

“ಇನ್‌ಸ್ಪೆಕ್ಟರು ಬರೋ ದಿನ, ‘ಅವನಿಗೆ ಜ್ವರ’ ಅನ್ನಿ ಅಂತ ಮಕ್ಕಳಿಗೆಲ್ಲ ಹೇಳ್ಕೊಟ್ಟಿದ್ದೆ. ಅವರೇ ಹಾಜರಿ ಕೂಗಿದ್ರು. ಒಂಬತ್ತಾಯ್ತು. ಹತ್ತನೇ ಹೆಸರು ಕೂಗಿದ್ರು… ‘ಹಾಜರ್ ಸಾರ್!’ ಅಂತು ಹಿಂದಿನ ಸಾಲಿಂದ ಒಂದು ಎಳೇ ದನಿ. ಒಂಬತ್ತೂ ಮಕ್ಕಳು ಹಿಂದೆ ತಿರುಗಿದ್ವು, ಅಲ್ಲಿ ಯಾರೂ ಇಲ್ಲ! ಇನ್‌ಸ್ಪೆಕ್ಟರು ಮಾತ್ರ ಕನ್ನಡಕ ಸರಿಸಿ, ಖಾಲಿ ಚಾಪೆ ನೋಡಿ ನಕ್ಕರು: ‘ಹುಡುಗ ಚುರುಕಾಗಿದಾನೆ ಮೇಡಂ. ಮೂಗು ಥೇಟ್ ನಿಮ್ಮದೇ.’”

ಚೂಟಿಯ ಬೆರಳು ಸೆರಗಿನಲ್ಲೇ ಮರಗಟ್ಟಿತು.

“ಶಾಲೆ ಉಳೀತು. ಹನ್ನೊಂದು ವರ್ಷ ಆ ದನಿ ದಿನಾ ಓಗೊಟ್ಟಿತು, ಅದಕ್ಕೆ ಒಂದಿನದ ವಯಸ್ಸೂ ಏರಲಿಲ್ಲ. ಯಾರಿಗೆ ಹೇಳ್ಲಿ? ಸುಳ್ಳು ಬರೆದೋಳು ನಾನೇ ಅಲ್ವಾ? ಆಮೇಲೆ ಊರು ಬರಿದಾಗಿ, ಇದ್ದಬದ್ದ ಮಕ್ಕಳೂ ಹೋಗಿ, ಶಾಲೆ ಮುಚ್ಚೇಬಿಟ್ರು. ಬೀಗ ಹಾಕಿ ನಾನೂ ಹೊರಟೆ… ಈಗ ನೀವೇ ಹೇಳಿ, ಶಾಲೆ ಬಿಟ್ಟ ಮೇಲೆ ಮಗು ಎಲ್ಲಿಗೆ ಹೋಗತ್ತೆ? ಅಮ್ಮನ ಹಿಂದೇನೇ ತಾನೆ?”

ಚೂಟಿ ಅಪ್ಪನತ್ತ ತಿರುಗಿದಳು. ಅಜ್ಜಿಯ ಕತೆಗೆ ‘ಬುರುಡೆ, ಬರೀ ಬುರುಡೆ!’ ಎಂದು ಮೊದಲು ನಗುವವನು ಅವನೇ. ಅಪ್ಪ ನಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

“ಅಮ್ಮಾ,” ಎಂದ ಪಿಸುದನಿಯಲ್ಲಿ, “ಅವನೆದುರಿಗೆ ಇದನ್ನ ಹೇಳಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ?”

ಅಜ್ಜಿ ಮಕ್ಕಳ ತಲೆಗಳ ಮೇಲಿಂದ ಕತ್ತಲ ಮೂಲೆಯನ್ನು ಬಗ್ಗಿ ನೋಡಿ, ದನಿ ತಗ್ಗಿಸಿದಳು.

“ನಿದ್ದೆ ಹೋಗಿದಾನೆ ಕಣೋ. ಎಚ್ಚರ ಇದ್ದಿದ್ರೆ ನಾನು ಬಾಯಿ ಬಿಡ್ತಿದ್ದೆನಾ?”