ವಠಾರಕ್ಕೆಲ್ಲ ಗೊತ್ತಿದ್ದ ಒಡಪು

ಅಲ್ಲ, ಗೊಂಬೆಗಳ ಮೇಲೆ ನನಗೇನೂ ಸಿಟ್ಟಿಲ್ಲ, ನೀವು ಜೋಡಿಸ್ಕೊಳ್ಳಿ. ಆ ಮೇಲಿನ ಮೆಟ್ಟಿಲ ಬಟ್ಟೆ ಸ್ವಲ್ಪ ಎಡಕ್ಕೆ ಜಾರಿದೆ ನೋಡು, ಎಳಿ, ಹಾಂ, ಅಷ್ಟೇ. ನಾನು ಇಲ್ಲೇ ಜಗಲಿ ಮೇಲೆ ಕೂತಿರ್ತೀನಿ. ನಿಮ್ಮಮ್ಮ ಹೇಳಿದ್ದು ನಿಜ, ಗೊಂಬೆ ಕೂರಿಸೋ ದಿನ ಬಂತು ಅಂದ್ರೆ ನಾನು ಸ್ವಲ್ಪ ಮಂಕಾಗ್ತೀನಿ. ಈ ವರ್ಷ ನಿಮ್ಮಜ್ಜಿ ಇಲ್ಲ ಅಂತಲ್ಲ. ಅದೂ ಇದೆ, ಇಲ್ಲ ಅನ್ನಲ್ಲ. ಆದ್ರೆ ನಾನು ಮೊದಲಿಂದಲೂ ಹಾಗೇ, ಅವಳಿದ್ದಾಗಲೂ ಹಾಗೇ. ಕಾರಣ ಹೊಟ್ಟೆಕಿಚ್ಚು. ನಗ್ಬೇಡಿ. ಮಣ್ಣಿನ ಗೊಂಬೆ ನೋಡಿ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ ಅಂತೀರಿ. ನಾನು ಪಟ್ಟಿದೀನಿ.

ನಾವು ಬೆಂಗಳೂರಿಗೆ ಬಂದಿದ್ದು ಎಪ್ಪತ್ತರ ದಶಕದಲ್ಲಿ, ಮದುವೆಯಾದ ವರ್ಷವೇ. ಗದಗಿನ ಕಡೆ ಕರಿಮಣ್ಣಿನ ಊರು ನಮ್ಮದು. ನನಗೆ ರಾಜಾಜಿನಗರದ ಒಂದು ಶಾಲೇಲಿ ಕನ್ನಡ ಪಾಠ ಹೇಳೋ ಕೆಲಸ ಸಿಕ್ತು. ನಮ್ಮ ಕಡೆ ಮಾಸ್ತರ ಅಂತಾರೆ, ಇಲ್ಲಿ ಮೇಷ್ಟ್ರು ಅಂದ್ರು, ಇರ್ಲಿ. ಮನೆ ಕುರುಬರಹಳ್ಳೀಲಿ, ಒಂದು ವಠಾರದಲ್ಲಿ. ವಠಾರ ಅಂದ್ರೆ ನಡುವೆ ಅಂಗಳ, ಸುತ್ತ ಸಾಲಾಗಿ ಮನೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಎದುರಿಗೆ ವಠಾರದ ಒಡತಿ ಸರೋಜಮ್ಮ, ಅವರ ಯಜಮಾನರು ರಂಗಸ್ವಾಮಿ. ಒಳ್ಳೆ ಜನ. ನನ್ನ ಕಷ್ಟ ಏನಪ್ಪಾ ಅಂದ್ರೆ, ಮೊದಲನೇ ದಿನ ತರಗತೀಲಿ ನಮ್ಮೂರ ಥರ "ಬರ್ರಿ, ಕುಂದರ್ರಿ" ಅಂದೆ, ಅಷ್ಟೂ ಹುಡುಗರು ನಕ್ಕುಬಿಟ್ರು. ಅವತ್ತಿಂದ ನಾನು ಪುಸ್ತಕದ ಭಾಷೆ ಹಿಡಿದೆ. "ಕುಳಿತುಕೊಳ್ಳಿ. ಪುಸ್ತಕ ತೆರೆಯಿರಿ." ಒಂದಕ್ಷರ ತಪ್ಪಬಾರದು ಅಂತ ಅಳೆದು ಅಳೆದು ಮಾತಾಡ್ತಿದ್ದೆ. ಹಾಗೆ ಬಿಗಿದುಕೊಂಡ ಬಾಯಿ ಮನೆಗೆ ಬಂದ್ರೂ ಸಡಿಲ ಆಗ್ತಿರಲಿಲ್ಲ, ನೋಡಿ. "ನೀಲಾ, ಊಟ ಸಿದ್ಧವಾಗಿದೆಯೇ?" ಅಂತಿದ್ದೆ ನಿಮ್ಮಜ್ಜಿಗೆ. ಅವಳು ಸುಮ್ಮನೆ ನನ್ನ ಮುಖ ನೋಡಿ ತಟ್ಟೆ ಇಡ್ತಿದ್ಲು. ಬಹಳ ವರ್ಷ ಆದ್ಮೇಲೆ ಹೇಳಿದ್ಲು, "ಪಾಠದ ಪುಸ್ತಕದ ಜೋಡಿ ಸಂಸಾರ ಮಾಡಿದಂಗ ಆಗಿತ್ರಿ" ಅಂತ. ಆಗ ಹೇಳಲಿಲ್ಲ. ಆಗ ಅವಳೂ ಮಾತಾಡ್ತಿರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯೋ ಸದ್ದು ಬಿಟ್ರೆ ಬೇರೆ ಸದ್ದಿಲ್ಲ. ಆ ರೊಟ್ಟಿಯೂ ಸರಿಯಾಗಿ ಬರ್ತಿರಲಿಲ್ಲ ಬಿಡಿ, ಇಲ್ಲಿನ ಜೋಳದ ಹಿಟ್ಟು ಜಿಗಿ ಇಲ್ಲದೆ ಅಂಚಲ್ಲೆಲ್ಲ ಸೀಳ್ತಿತ್ತು.

ಇನ್ನೊಂದು ವಿಷಯ ಹೇಳದಿದ್ರೆ ನಿಮಗೆ ಅರ್ಥ ಆಗಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿದು ಕರೆಯಲ್ಲ. ಬಾಯಲ್ಲೇ ತರಲ್ಲ. ಆದ್ರೆ ಮದುವೇಲಿ, ಹಬ್ಬದಲ್ಲಿ, ಹೆಂಗಸರು ಅಡ್ಡಗಟ್ಟಿ ಒತ್ತಾಯ ಮಾಡಿದ್ರೆ ಒಡಪು ಕಟ್ಟಿ ಹೇಳಬಹುದು. ಒಡಪು ಅಂದ್ರೆ ಎರಡು ಸಾಲು, ಕೊನೆಗೆ ಪ್ರಾಸ, ನಡುವೆ ಎಲ್ಲೋ ಗಂಡನ ಹೆಸರು. ನಮ್ಮ ಮದುವೇಲಿ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರಿಟ್ಟು ನನ್ನ ಅಕ್ಕಂದಿರು ಇವಳನ್ನ ತಡೆದ್ರು. "ಒಡಪ ಹೇಳಿ ಒಳಗ ಬಾರವಾ." ಇವಳು ತಲೆ ತಗ್ಗಿಸಿ ನಿಂತ್ಲು. ಹೇಳಲಿಲ್ಲ. ಕಾದ್ರು, ಕಾದ್ರು, ಹೇಳಲೇ ಇಲ್ಲ. ದೊಡ್ಡಕ್ಕ ನಗೆಯಾಡಿದ್ಲು, "ಹೆಸರ ಹೇಳಾಕ ಮನಸಿಲ್ಲೇನ ನಿನಗ? ಹುಡುಗ ಪಸಂದ ಇಲ್ಲೇನ?" ಎಲ್ಲರೂ ನಕ್ರು. ಮುದುಕಿಯರು ಹೋಗ್ಲಿ ಬಿಡ್ರಿ ಅಂದ್ರು, ಒಳಗೆ ಕರ್ಕೊಂಡ್ರು. ತಮಾಷೆಯ ಮಾತು ಅದು. ಆದ್ರೆ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಡ್ತು. ಪಸಂದ ಇಲ್ಲೇನೋ. ಇದ್ದಿದ್ರೆ ಹೇಳ್ತಿದ್ಲಲ್ಲ.

ಸರಿ, ಮಳೆಗಾಲ ಮುಗೀತು. ಬೆಂಗಳೂರಿನ ಆಶ್ವಯುಜ ನಮಗೆ ಹೊಸದು. ನಮ್ಮೂರಲ್ಲಿ ಆ ಹೊತ್ತಿಗೆ ಇನ್ನೂ ಬಿಸಿಲು ಚುರುಗುಡ್ತಿರತ್ತೆ, ಇಲ್ಲಿ ಬೆಳಿಗ್ಗೆ ಮಂಜು, ನಲ್ಲಿ ನೀರು ಮುಟ್ಟಿದ್ರೆ ಬೆರಳು ಜುಂ ಅನ್ನೋದು. ಸರೋಜಮ್ಮನವರ ಮನೇಲಿ ಗೊಂಬೆ ಕೂರಿಸಿದ್ರು. ನಮ್ಮಲ್ಲಿ ಆ ಪದ್ಧತಿ ಇಲ್ಲ, ಘಟ ಹಾಕ್ತೀವಿ, ದಶಮಿಗೆ ಬನ್ನಿ ಎಲೇನ ಬಂಗಾರ ಅಂತ ಕೊಡ್ತೀವಿ, ಗೊಂಬೆ ಇಲ್ಲ. ನಮ್ಮನೆಗೆ ಗೊಂಬೆ ಬಂದಿದ್ದು ಆಮೇಲೆ, ನಿಮ್ಮಜ್ಜಿ ಸರೋಜಮ್ಮನವರಿಂದ ಕಲಿತು. ಸರೋಜಮ್ಮ ಬಾಗಿಲಿಗೆ ಬಂದು, "ನೀಲಮ್ಮಾ, ಸಂಜೆ ಆರತಿಗೆ ಬಾಮ್ಮ, ಒಬ್ಳೇ ಕೂತ್ಕೊಂಡು ಏನ್ ಮಾಡ್ತೀಯಾ" ಅಂದ್ರು. ಒಬ್ಳೇ! ನಾನು ಒಳಗೇ ಕೂತಿದ್ದೆ ಕಣ್ರೋ, ಉತ್ತರಪತ್ರಿಕೆ ತಿದ್ದುತ್ತಾ.

ಹೋದ್ಲು. ಮೊದಲ ದಿನ ಸುಮ್ಮನೆ ಬಂದ್ಲು. ಎರಡನೇ ದಿನ ಎದುರು ಮನೆಯಿಂದ ಒಂದು ನಗು ಕೇಳಿಸ್ತು. ಯಾರಪ್ಪಾ ಇದು, ಇಷ್ಟು ಚೆನ್ನಾಗಿ ನಗೋರು ನಮ್ಮ ವಠಾರದಲ್ಲಿ ಯಾರಿದಾರೆ ಅಂದ್ಕೊಂಡೆ. ನನ್ನ ಹೆಂಡತಿ. ಮದುವೆಯಾಗಿ ಅಷ್ಟು ತಿಂಗಳಾಗಿತ್ತು, ಆ ನಗು ನನಗೆ ಗುರುತೇ ಸಿಗಲಿಲ್ಲ. ಆಮೇಲೆ ದಿನಾ ಅದೇ. ಅಲ್ಲಿ ನಗೋದು, ಅಂಗಳ ದಾಟಿ ನಮ್ಮ ಹೊಸ್ತಿಲು ತುಳಿದ ಕೂಡಲೇ ದೀಪ ಆರಿಸಿದ ಹಾಗೆ ನಗು ನಿಂತುಹೋಗೋದು. ಕೈಯಲ್ಲಿ ಒಂದು ಪೊಟ್ಟಣ ಕಡಲೆ ಉಸ್ಲಿ. "ತಗೋರಿ" ಅಂತ ಮುಂದಿಡೋಳು. ನಾನು ತಿಂದು "ಉಪ್ಪು ಕಡಿಮೆಯಾಗಿದೆ" ಅನ್ನೋನು. ಕಡಿಮೆ ಆಗಿರಲಿಲ್ಲ. ಸರೋಜಮ್ಮನ ಕೈಯಲ್ಲಿ ಉಪ್ಪು ಯಾವತ್ತೂ ತಪ್ಪಿದ್ದಿಲ್ಲ. ನನಗೆ ಹೊಟ್ಟೆ ಉರೀತಿತ್ತು, ಅಷ್ಟೇ. ಆ ಮೆಟ್ಟಿಲ ಮೇಲೆ ಕೂತಿರೋ ಶೆಟ್ಟಿ ಗೊಂಬೆ, ಪಟ್ಟದ ಗೊಂಬೆ, ಎಲ್ಲವೂ ಇವಳ ಮಾತು ಕೇಳ್ತಾ ಇವೆ, ನಾನೊಬ್ಬ ಇಲ್ಲಿ ಉಸ್ಲಿ ತಿಂತಾ ಕೂತಿದೀನಿ.

ಒಂದು ಬೆಳಿಗ್ಗೆ ನಲ್ಲಿ ಹತ್ರ ಬಿಂದಿಗೆ ಹಿಡ್ಕೊಂಡು ನಿಂತಿದ್ದೆ, ರಂಗಸ್ವಾಮಿಯವರು ಹಲ್ಲುಜ್ಜುತ್ತಾ ಬಂದ್ರು. "ಏನ್ ಚನ್ನಬಸಪ್ಪ ಮೇಷ್ಟ್ರೇ, ಮಮತೆ ಬಾಳ ಅಂತಲ್ಲ ನಿಮ್ಗೆ?"

"ಅರ್ಥವಾಗಲಿಲ್ಲ" ಅಂದೆ.

"ಅಯ್ಯೋ, ನಿಮ್ಮ ಮನೆಯವ್ರು ಕಟ್ಟಿದ ಪದ್ಯ ಸಾರ್. ನಮ್ಮನೆಯವಳು ದೋಸೆ ಹುಯ್ತಾ ಹಾಡ್ತಾವಳೆ." ಅಂತ ಬಾಯಲ್ಲಿ ನೊರೆ ಇಟ್ಕೊಂಡೇ ಹೇಳಿದ್ರು:

"ಬೆಂಗಳೂರಿನ ಪ್ಯಾಟ್ಯಾಗ ಹುಡುಕಿದ್ರ ಸಿಗವಲ್ದು ಬಿಳಿಜೋಳ,
ಚನ್ನಬಸಪ್ಪ ಮಾಸ್ತರರದು ಮಾತು ಕಡಿಮಿ, ಮಮತಿ ಭಾಳ."

ಬಿಂದಿಗೆ ತುಂಬಿ ಕಾಲ ಮೇಲೆ ಹರೀತಿತ್ತು, ಗೊತ್ತಾಗಲಿಲ್ಲ. ಹೊಸ್ತಿಲಲ್ಲಿ ನನ್ನ ಅಕ್ಕಂದಿರು ಬೇಡಿದ್ರೂ ಬಾಯಿ ಬಿಡದವಳು, ಇಲ್ಲಿ ಗುರುತಿಲ್ಲದ ಊರಲ್ಲಿ, ದಿನಾ ಸಂಜೆ ನನ್ನ ಹೆಸರು ಹೇಳ್ತಿದಾಳೆ. ಸರೋಜಮ್ಮ ಕೇಳಿದಾರೆ, ಅವರ ಓರಗಿತ್ತಿ ಕೇಳಿದಾಳೆ, ಹಲ್ಲುಜ್ಜೋ ರಂಗಸ್ವಾಮಿಗೂ ಬಾಯಿಪಾಠ. ಹೆಸರು ನನ್ನದು, ಕೇಳದೇ ಇರೋನು ನಾನೊಬ್ಬನೇ. ಈಗ ಹೇಳಿ, ಹೊಟ್ಟೆಕಿಚ್ಚು ಪಡೋ ಹಕ್ಕು ನನಗಿತ್ತೋ ಇಲ್ಲವೋ?

ಅವತ್ತು ಸಂಜೆ ನೀರು ತರೋ ನೆಪ ಮಾಡ್ಕೊಂಡು ಸರೋಜಮ್ಮನವರ ಕಿಟಕಿ ಕೆಳಗೆ ನಿಂತೆ. ನನ್ನ ವಿದ್ಯಾರ್ಥಿ ಯಾರಾದ್ರೂ ನೋಡಿದ್ರೆ ಏನು ಗತಿ, ಆದ್ರೂ ನಿಂತೆ. ಒಳಗೆ "ಇನ್ನೊಂದು ಹೇಳೇ, ಇನ್ನೊಂದು" ಅಂತ ಕಾಡ್ತಿದಾರೆ. ಇವಳ ದನಿ ಬಂತು:

"ಅಂಗಳದಾಗ ಅರಳೇತಿ ಹಳದಿ ಚೆಂಡುಹೂವ,
ಚನ್ನಬಸಪ್ಪನವರು ಹೇಳಂಗಿಲ್ಲ ತಮ್ಮ ಒಳಗಿನ ನೋವ."

ಹೆಂಗಸರು ನಗಲಿಲ್ಲ ಈ ಸಲ. ಸರೋಜಮ್ಮ ಮೆಲ್ಲಗೆ, "ಯಾಕೆ, ಮೇಷ್ಟ್ರು ಮಾತಾಡ್ಸಲ್ವಾ?" ಅಂದ್ರು. ಇವಳು, "ಮಾತಾಡ್ತಾರ್ರಿ, ಪರೀಕ್ಷಾ ಬರೀಸಿದಂಗ" ಅಂದ್ಲು. ನಾನು ಖಾಲಿ ಬಿಂದಿಗೆ ತಗೊಂಡು ಮನೆಗೆ ಬಂದೆ. ನನ್ನ ನೋವು ಇವಳಿಗೆ ಗೊತ್ತಿದೆ, ಆದ್ರೆ ಅದನ್ನ ಹೇಳಿದ್ದು ಸರೋಜಮ್ಮನಿಗೆ. ಇನ್ನಷ್ಟು ಉರೀತು.

ಆಯುಧಪೂಜೆ ದಿನ ಇವಳ ಅಣ್ಣ ಗುರಣ್ಣ ಬಂದ. ಮೊದಲ ವರ್ಷ ತಂಗೀನ ದಶಮಿ ಆಗಿ ಐದು ದಿನಕ್ಕೆ ಬರೋ ಶೀಗಿ ಹುಣ್ಣಿಮೆಗೆ ತವರಿಗೆ ಕರ್ಕೊಂಡು ಹೋಗೋದು ರೂಢಿ. "ಮಾಸ್ತರ, ದಶಮಿ ಮರುದಿನ ಗಾಡಿಗೆ ಹೋಗ್ತೀವಿ. ಯಾವಾಗ ಕಳಸೂಣ್ರಿ ತಿರುಗಿ?" ಅಂತ ಕೇಳಿದ. ನಾನು ಏನಂದೆ? "ಅದು ಅವಳ ಇಚ್ಛೆಗೆ ಬಿಟ್ಟದ್ದು" ಅಂದೆ. ಇವಳು ಎದ್ದು ಹೋಗಿ ಅಟ್ಟದಿಂದ ಕಬ್ಬಿಣದ ಟ್ರಂಕು ಇಳಿಸಿದ್ಲು. ನಾಲ್ಕು ಸೀರೆಗೆ ಒಂದು ಚೀಲ ಸಾಕು, ಟ್ರಂಕು ಯಾಕೆ? ತವರಿಂದ ತಂದ ಟ್ರಂಕು ಅದು. ಇನ್ನು ಇವಳು ಬರಲ್ಲ ಅಂತ ನನಗೆ ಖಾತ್ರಿ ಆಯ್ತು. ಕೇಳಬಹುದಿತ್ತಲ್ಲ ಅಂತೀರಿ. ಏನಂತ ಕೇಳಲಿ, "ಪೆಟ್ಟಿಗೆಯನ್ನೇಕೆ ಒಯ್ಯುತ್ತಿರುವೆ" ಅಂತಲೇ?

ದಶಮಿ ಸಂಜೆ ನಾನು, ಗುರಣ್ಣ ಬನ್ನಿ ತರೋಕೆ ಹೋದ್ವಿ. ಈಗ ಬಸವೇಶ್ವರನಗರ ಅಂತೀರಲ್ಲ, ಆಗ ಆ ಕಡೆಯೆಲ್ಲ ರಾಗಿ ಹೊಲ, ತೆನೆ ಬಾಗಿ ನಿಂತಿತ್ತು, ಹೊಲದಾಚೆ ಒಂದು ಬನ್ನಿ ಮರ. ಎಲೆ ತಂದು ವಠಾರದ ಮನೆಮನೆಗೂ ಕೊಟ್ವಿ, ದೊಡ್ಡೋರ ಕಾಲಿಗೆ ಬಿದ್ವಿ. "ಬಂಗಾರದಂಗ ಇರೂಣ್ರಿ" ಅಂದ ಗುರಣ್ಣ. ರಂಗಸ್ವಾಮಿಯವರು ಅಂಗೈ ಮೇಲೆ ಎಲೆ ಹಿಡಿದು, "ಇದನ್ನೇನ್ ಮಾಡ್ಬೇಕು ಮೇಷ್ಟ್ರೇ, ಚಟ್ನಿಗಾ?" ಅಂದ್ರು. ನಗು. ಕೊನೇಲಿ ನಮ್ಮ ಮನೆ. ನೋಡಿದ್ರೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಒಂದು ಸೇರು. ಸರೋಜಮ್ಮ, ಅವರ ಓರಗಿತ್ತಿ ಅಡ್ಡ ನಿಂತಿದಾರೆ, ಹಿಂದೆ ನೀಲಾ.

"ನಿಂತ್ಕೊಳ್ಳಿ ಮೇಷ್ಟ್ರೇ. ಒಡಪು ಹೇಳಿ ಒಳಗೆ ಹೋಗ್ಬೇಕಂತೆ, ನಿಮ್ಮ ಕಡೆ ಪದ್ಧತಿಯಂತೆ. ಹೇಳಿ."

ಗುರಣ್ಣ ಹೊಟ್ಟೆ ಹಿಡ್ಕೊಂಡು ನಗ್ತಿದಾನೆ. "ಅಕ್ಕಾರ, ಅದು ಹೆಣ್ಣಮಕ್ಕಳು ಹೇಳೂದ್ರಿ, ಗಂಡಸಲ್ಲ!"

"ಹೌದಾ? ಇರ್ಲಿ ಬಿಡಪ್ಪ, ನಮ್ಮ ವಠಾರದಲ್ಲಿ ಗಂಡಸ್ರೇ ಹೇಳ್ಲಿ. ಅವಳು ಒಂಬತ್ತು ದಿನ ಹೇಳಾಯ್ತು."

ನಾನು ಗಣ, ಪ್ರಾಸ ಎಲ್ಲಾ ಪಾಠ ಮಾಡೋನು. ಒಂದು ಸಾಲೂ ಹೊಳೀಲಿಲ್ಲ. ಕೈಯಲ್ಲಿ ಬನ್ನಿ ಎಲೆ ಬೆವರಿಗೆ ಅಂಟ್ಕೊಂಡಿತ್ತು. ನೀಲಾ ನನ್ನೇ ನೋಡ್ತಿದ್ಲು, ನಗದೆ. ಅವಳ ಹಿಂದೆ ಆ ಟ್ರಂಕು ಕಾಣಿಸ್ತು. ಬಾಯಿಂದ ಬಂದುಬಿಡ್ತು, ನಮ್ಮೂರ ಭಾಷೆಯಲ್ಲೇ. "ನೀಲವ್ವಾ, ಹುಣ್ಣಿವಿ ಮುಗಿಸಿ ಲಗೂನ ಬಾ. ನನಗ ಒಬ್ಬಾಂವಗ ಇಲ್ಲಿ ಇರಾಕ ಆಗಂಗಿಲ್ಲ."

ಸರೋಜಮ್ಮನ ಓರಗಿತ್ತಿ, "ಪ್ರಾಸವೇ ಇಲ್ವಲ್ಲ ಸಾರ್ ಇದ್ರಲ್ಲಿ" ಅಂದ್ಲು. ಆಗ ನೀಲಾ ನಕ್ಕಳು. ಆ ನಗು, ಎದುರು ಮನೆಯಿಂದ ಕೇಳಿಸ್ತಿತ್ತಲ್ಲ, ಅದು. ನನ್ನ ಕೈಯಿಂದ ಬನ್ನಿ ತಗೊಂಡ್ಲು, ಹೊಸ್ತಿಲಾಚೆಯಿಂದಲೇ ನಿಧಾನಕ್ಕೆ, ನನ್ನ ಮುಖ ನೋಡ್ತಾ ಹೇಳಿದ್ಲು:

"ಬನ್ನಿ ಎಲಿ ಬಂಗಾರಂತ ಊರಿಗೆಲ್ಲ ಹಂಚ್ಯಾರ,
ಚನ್ನಬಸಪ್ಪನವರು ಬಾಯಿ ಬಿಟ್ಟು ಬಾ ಅಂತ ಕರದಾರ."

ಮದುವೆ ದಿನ ಯಾಕೆ ಹೇಳಲಿಲ್ಲ ಅಂತ ಆಮೇಲೆ ಕೇಳಿದೆ. "ಅವ್ವ ಕಲಿಸಿದ್ದ ಒಡಪು ಅಷ್ಟು ಮಂದಿ ನೋಡಿ ಮರತೇ ಹೋತ್ರಿ" ಅಂದ್ಲು. ಇಷ್ಟೇ. ಮರುದಿನ ಅಣ್ಣನ ಜೊತೆ ಹೋದ್ಲು, ದೀಪಾವಳಿಗೆ ಮುಂಚೆ ಬಂದ್ಲು. ಟ್ರಂಕಿನ ತುಂಬ ಬಿಳಿಜೋಳದ ಹಿಟ್ಟು. ಅದಕ್ಕೇ ಒಯ್ದಿದ್ದು, ಹಿಟ್ಟು ತುಂಬ್ಕೊಂಡು ಬರೋಕೆ. ಅವತ್ತು ಬಡಿದ ರೊಟ್ಟಿ ಒಂದೂ ಸೀಳಲಿಲ್ಲ.

ಹಾಗಂತ ನನ್ನ ಹೊಟ್ಟೆಕಿಚ್ಚು ಹೋಯ್ತು ಅಂದ್ಕೋಬೇಡಿ. ಪ್ರತಿ ನವರಾತ್ರಿಗೂ ಹೊಸ ಒಡಪು ಮೊದಲು ಸರೋಜಮ್ಮನವರಿಗೆ, ಮಿಕ್ಕಿದ್ದು ನನಗೆ. ಹೋದ ತಿಂಗಳು ಸರೋಜಮ್ಮನವರನ್ನ ಅವರ ಮಗಳು ಕೈ ಹಿಡಿದು ಕರ್ಕೊಂಡು ಬಂದಿದ್ಲಲ್ಲ, ಅಜ್ಜಿ ಫೋಟೋ ಮುಂದೆ ಕೂತು ಆ ಮುದುಕಿ ಏನು ಹೇಳಿದ್ರು ಗೊತ್ತಾ?

"ಮಾಗಡಿ ರೋಡಿನ ಬಸ್ಸಿನ್ಯಾಗ ನಿಲ್ಲಾಕೂ ಜಾಗಿಲ್ಲ,
ಚನ್ನಬಸಪ್ಪನವರ ಎದಿಯೊಳಗ ನನ್ನ ಬಿಟ್ಟು ಯಾರಿಲ್ಲ."

ನಿಮ್ಮಜ್ಜಿ ಕಟ್ಟಿದ್ದ ಇದನ್ನ ನಾನು ಕೇಳೇ ಇರಲಿಲ್ಲ. ಇನ್ನೂ ಎಷ್ಟು ಇವೆಯೋ ಅವರ ಹತ್ರ. ಎದ್ದು ಒಳಗೆ ಹೋಗಿಬಿಟ್ಟೆ ನಾನು, ಕಾಫೀನೂ ಕೊಡಲಿಲ್ಲ ಅವರಿಗೆ.

ಅದಕ್ಕೇ ಹೇಳೋದು, ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಸಾಲದಿದ್ರೆ ಕೇಳಿ ಹಾಕಿಸ್ಕೊಳ್ತೀರಲ್ಲ, ಮನೆಯವರ ಮಾತೂ ಹಾಗೇ, ಕೇಳಿ ಬಡಿಸ್ಕೊಳ್ಳಿ. ಏಳಿ ಈಗ, ಉಸ್ಲಿ ತನ್ನಿ. ಉಪ್ಪು ನಾನು ನೋಡ್ತೀನಿ.