ದಸ್ತಗೀರ್ ಸಾಬರು ಬಿಚ್ಚಿ ನೋಡಿದ ವೈರು

ಇಲ್ಲಿ ಸೇರಿರುವ ಎಲ್ಲ ಹಿರಿಯರಿಗೂ, ಮುಂದಿನ ಸಾಲಿನಲ್ಲಿರುವ, ದಸ್ತಗೀರ್ ಸಾಬರ ಮನೆಯವರಾದ ಶಹಜಾದಿ ಬೇಗಂ ಅವರಿಗೂ, ಮಕ್ಕಳಿಗೂ ನನ್ನ ನಮಸ್ಕಾರ. ನಾನು ಹಂಪಯ್ಯ. ರಾಯಚೂರಿನ ನಮ್ಮ ಗಣಕ ಕೇಂದ್ರದಲ್ಲಿ ಗುಲಾಮ್ ದಸ್ತಗೀರ್ ಸಾಬರ ಪಕ್ಕದ ಮೇಜು ನನ್ನದು. ಸಭೆಯಲ್ಲಿ ಮಾತಾಡಿ ರೂಢಿಯಿಲ್ಲ — ಒಂದೇ ಸಂಗತಿ ಹೇಳಿ ಕೂಡುತ್ತೇನೆ.

ಎಂಬತ್ತೇಳರ ಮಹಾನವಮಿ. ಕುಡಿಯುವ ನೀರಿನ ಕೈಪಂಪುಗಳ ಪಟ್ಟಿಯನ್ನು ನಾವು ಗಣಕಕ್ಕೆ ತುಂಬುತ್ತಿದ್ದೆವು. ದೊಡ್ಡ ಯಂತ್ರ ಒಂದು. ಅದಕ್ಕೆ ಉದ್ದನೆಯ ವೈರಿನಿಂದ ಜೋಡಿಸಿದ ಪರದೆಗಳು ಎರಡು. ಮೊದಲ ಸಾಕೆಟ್ಟಿಗೆ ಬಂದದ್ದೆಲ್ಲ ದೇವದುರ್ಗ ತಾಲೂಕು, ಎರಡನೆಯದಕ್ಕೆ ಬಂದದ್ದೆಲ್ಲ ಮಾನ್ವಿ ತಾಲೂಕು. ಯಂತ್ರಕ್ಕೆ ಅಷ್ಟೇ ಗೊತ್ತು.

ಕಸ ಹೊಡೆಯುವ ಯಮನಮ್ಮ — ಅಗೋ, ಬಾಗಿಲ ಹತ್ತಿರ ನಿಂತಿದ್ದಾರೆ. ಕುಂದರ್ರಿ ಯವ್ವಾ, ಕುರ್ಚಿ ಅದಾವು — ಆಯುಧಪೂಜೆಗೆಂದು ಎಲ್ಲ ಒರೆಸಿದರು. ಯಂತ್ರದ ಗುಂಡಿ ಮುಟ್ಟಬಾರದೆಂದು ನಾವೇ ಹೇಳಿದ್ದೆವು. ಅವರು ಮುಟ್ಟಲಿಲ್ಲ. ವೈರುಗಳನ್ನು ಮಾತ್ರ ಕಿತ್ತು, ಒರೆಸಿ, ಕುಂಕುಮ ಹಚ್ಚಿ, ಕೈಗೆ ಬಂದಂತೆ ತಿರುಗಿ ಚುಚ್ಚಿದರು. ಯಂತ್ರ ಚಾಲೂ ಇತ್ತು.

ಎರಡು ದಿನದ ಮೇಲೆ ನೋಡಿದರೆ ಮಾನ್ವಿ ತಾಲೂಕಿನ ಮಲ್ಲಟದ ಪಂಪು ದೇವದುರ್ಗದಲ್ಲಿ, ಹಿರೇಕೊಟ್ನೆಕಲ್ಲಿನ ಪಂಪೂ ದೇವದುರ್ಗದಲ್ಲಿ! ಆ ಎರಡು ದಿನ ಮಾನ್ವಿಯ ಪಟ್ಟಿ ಟೈಪು ಮಾಡಿದವನು ನಾನು. ನನ್ನನ್ನು ತೆಗೆಯಬೇಕೆಂದು ಯಾರೂ ಅನ್ನಲಿಲ್ಲ. ಯಮನಮ್ಮನವರದು ದಿನಗೂಲಿ — ಅವರಿಗೆ ನಾಳೆಯಿಂದ ಬರುವುದು ಬೇಡವೆಂದರು, ಕೇಂದ್ರದ ಮುಖ್ಯಸ್ಥರಾದ ನಮ್ಮ ಸಾಹೇಬರು.

ದಸ್ತಗೀರ್ ಸಾಬರು ಎದ್ದು ನಿಂತರು. "ಸಾಹೇಬ್ರ, ವೈರು ಕಿತ್ತಾಕಿ ಆಕಿ, ಖರೆ. ಕಿತ್ತದ್ದು ಗೊತ್ತಾಗದಂಗ ಕುಂತದ್ದು ಯಂತ್ರ. ತಪ್ಪು ಯಾರದು?"

ಸಾಹೇಬರು ಎಂಟು ದಿನ ಕೊಟ್ಟರು. ಅಷ್ಟರಲ್ಲಿ ಯಂತ್ರಕ್ಕೆ ಬುದ್ಧಿ ಕಲಿಸಿದರೆ ಯಮನಮ್ಮ ಉಳಿಯುತ್ತಾರೆ; ಇಲ್ಲವಾದರೆ ಇಲ್ಲ.

ಮೊದಲನೆಯ ದಿನವೇ ಸಾಬರು ವೈರಿನ ತುದಿ ಬಿಚ್ಚಿದರು — ಹೀಗೆ, ಕಣ್ಣಿನ ಹತ್ತಿರ ಹಿಡಿದು. ಆ ಕಡೆ ಪರದೆ ಇದೆಯೋ ಇಲ್ಲವೋ ತಿಳಿಸಲೆಂದೇ ಅದರಲ್ಲಿ ಒಂದು ಎಳೆ ಇರಬೇಕು. ವೈರು ಕಟ್ಟಿದ ಪುಣ್ಯಾತ್ಮ ಆ ಎಳೆಯನ್ನು ಪರದೆಯವರೆಗೆ ಒಯ್ದೇ ಇರಲಿಲ್ಲ. ಯಂತ್ರದ ಸಾಕೆಟ್ಟನ್ನೂ ಬಿಚ್ಚಿದರೆ, ಅದರ ಒಳಗೇ ಯಂತ್ರ ಕೇಳುವ ಎಳೆಗೆ ಗಂಟು ಹಾಕಿಬಿಟ್ಟಿದ್ದ!

"ಹಂಪಯ್ಯ, ನೋಡಿಲ್ಲಿ. ಇದು ತಾನ ಕೇಳ್ತದ, ತಾನ 'ಅದೀನಿ' ಅಂತದ. ಆ ಕಡಿ ಯಾರೂ ಇಲ್ಲಂದ್ರೂ!"

"ತಾನ ಕೇಳಿ ತಾನ ಉತ್ತರ ಕೊಡೋರು ನಮ್ಮ ಸಾಹೇಬ್ರು ಒಬ್ಬರ ಅಂತ ತಿಳಿದಿದ್ದೆ" ಅಂದೆ. ಸಾಹೇಬರು ಇಲ್ಲೇ ಇದ್ದಾರೆ, ಕ್ಷಮಿಸಬೇಕು.

ಸಾಬರು ಗಂಟು ಬಿಡಿಸಿ, ಎಳೆಯನ್ನು ಪರದೆಯವರೆಗೆ ಒಯ್ದು ಬೆಸೆದರು. ಆಮೇಲೆ ಪ್ರೋಗ್ರಾಂ. ಒಂದು ಪರದೆ ಹೋದರೆ ಅದು ಬರೆದಷ್ಟನ್ನು ಯಂತ್ರ ಜೋಪಾನ ಮಾಡಬೇಕು, ಇನ್ನೊಂದರ ಕೆಲಸ ನಿಲ್ಲಬಾರದು. ತಿರುಗಿ ಬಂದರೆ — ಯಾವ ಸಾಕೆಟ್ಟೇ ಆಗಲಿ — ಮೊದಲು ಟೈಪು ಮಾಡುವವರ ಹೆಸರು ಕೇಳಬೇಕು. ಏಳು ದಿನ ಊಟದ ಡಬ್ಬಿಯೂ ಅರ್ಧ ಹಾಗೇ ಮನೆಗೆ ಹೋಗುತ್ತಿತ್ತು. ಬೇಗಂ ಅವರಿಗೆ ನೆನಪಿರಬಹುದು.

ಎಂಟನೆಯ ದಿನ ಸಾಹೇಬರೇ ಬಂದು ನಿಂತರು. ವೈರು ಕೀಳಲು ಯಮನಮ್ಮನವರನ್ನೇ ಕರೆದರು.

"ಒಲ್ಲೆರೀ ಯಪ್ಪಾ. ಒಮ್ಮಿ ಕಿತ್ತದ್ದ ಸಾಕಾಗೇದ."

"ಜಗ್ಗಬೇ ಯವ್ವಾ, ನಾ ಅದೀನಿ" ಅಂದರು ಸಾಬರು.

ಜಗ್ಗಿದರು. ನಾನು ಇನ್ನೊಂದು ಪರದೆಯ ಮುಂದೆ ಟೈಪು ಮಾಡುತ್ತಿದ್ದೆ — ಒಂದಕ್ಷರವೂ ತಪ್ಪಲಿಲ್ಲ. ಕಿತ್ತ ವೈರನ್ನು ಖಾಲಿಯಿದ್ದ ಮೂರನೆಯ ಸಾಕೆಟ್ಟಿಗೆ ಚುಚ್ಚಿಸಿದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಮಾತು ಮೂಡಿತು: ಯಾರು?

"ಏನಂತದರೀ?"

"ಯಾರಂತ ಕೇಳಾಕತ್ತದ. ಹೆಸರು ಹೇಳು."

"ಯಮನಮ್ಮ ಅನ್ರಿ."

ಸಾಬರು ನಿಜಕ್ಕೂ ಹಾಗೇ ಟೈಪು ಮಾಡಿದರು. ಆ ಹೆಸರು ಯಂತ್ರದ ಪಟ್ಟಿಯಲ್ಲಿರಲಿಲ್ಲ; ಅದು ಮತ್ತೆ ಕೇಳಿತು: ಯಾರು?

"ನನ್ನ ಗುರ್ತಿಲ್ಲೇನಲೇ ನಿನಗ? ದಿನಾ ನಿನ್ನ ಮೈ ಒರಸಾಕಿ ನಾನ!"

ಸಾಹೇಬರು ನಕ್ಕರು. ಯಮನಮ್ಮ ಮರುದಿನವೂ ಬಂದರು; ಇವತ್ತಿನವರೆಗೂ ಬರುತ್ತಿದ್ದಾರೆ. ಆದರೆ ದಿನಗೂಲಿ ಇನ್ನೂ ದಿನಗೂಲಿಯೇ.

ಹೋದ ಮಂಗಳವಾರ ಸಾಬರ ಮೇಜು ತೆರೆದೆವು. ಒಳಗೆ ಒಂದು ಅರ್ಜಿ. ಯಮನಮ್ಮನವರನ್ನು ಕಾಯಂ ಮಾಡಬೇಕೆಂದು ಸಾಬರೇ ಕೈಯಾರೆ ಬರೆದದ್ದು. ಒಂದೂವರೆ ಪುಟಕ್ಕೆ ನಿಂತಿದೆ. ಉಳಿದದ್ದನ್ನು ನಾನು ಬರೆದು ತಂದಿದ್ದೇನೆ. ಅಕ್ಷರ ಅವರದಷ್ಟು ಚೆಂದವಿಲ್ಲ. ಬಾಗಿಲ ಬಳಿಯ ಮೇಜಿನ ಮೇಲಿದೆ, ಪೆನ್ನೂ ಇದೆ. ಮೊದಲನೆಯ ಸಹಿಗೆ ಜಾಗ ಬಿಟ್ಟಿದ್ದೇನೆ — ಸಾಹೇಬರೇ, ಅದು ನಿಮ್ಮದು.

ಅದಕ್ಕೂ ಮುಂಚೆ ದಸ್ತಗೀರ್ ಸಾಬರಿಗಾಗಿ ಎಲ್ಲರೂ ಎದ್ದು, ಎರಡು ನಿಮಿಷ ಮಾತಿಲ್ಲದೆ ನಿಲ್ಲೋಣ. ಏಳ್ರಿ.