ಅತ್ತೆಯ ಕೈಗೆ ಸೀಟಿ

ಹಲ್ಲಿನ ಡಾಕ್ಟರ ಶಾಪಿನಲ್ಲಿ ನನ್ನೆದುರು ಟ್ರಾಫಿಕ್ ಪೊಲೀಸ್ ಸಮವಸ್ತ್ರದ ಹೆಂಗಸೊಬ್ಬಳು ಊದಿದ ಕೆನ್ನೆ ಹಿಡಿದು ಕೂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ.

“ರೂಟ್ ಕೆನಾಲ್ ಅಂತ ಗಾಬರಿ ಆಗ್ಬೇಡ. ನಿಧಾನಕ್ಕೆ ಉಸಿರು ಎಳ್ಕೊ.”

“ಗಾಬರಿ ಯಾರಿಗೆ ಅತ್ತೆ? ನೋವಾದ್ರೆ ಮಾತ್ರ ನಾನು ಸುಮ್ನಿರಲ್ಲ.”

“ಮತ್ತೆ ಬಾಗಿಲ ಕಡೆ ಯಾಕೆ ನೋಡ್ತಿದೀಯ?”

“ನೋಡ್ತೀನಷ್ಟೆ. ನಾನಂತೂ ಎದ್ದು ಹೋಗಲ್ಲ.”

“ನೋವಾದ್ರೆ ಕೈ ಎತ್ತು, ನಿಲ್ಲಿಸ್ತೀನಿ ಅಂದಿದಾರಲ್ಲ ಡಾಕ್ಟ್ರು.”

“ದಿನವಿಡೀ ರಸ್ತೇಲಿ ಕೈ ಎತ್ತೋದೇ ನನ್ನ ಕೆಲಸ. ಯಾರು ನಿಲ್ಲಿಸ್ತಾರೆ?”

“ಆಗೇನ್ಮಾಡ್ತೀಯ?”

“ಸೀಟಿ ಊದ್ತೀನಿ.”

“ಇಲ್ಲಿ ಬಾಯಿ ತುಂಬ ಹತ್ತಿ ಇಟ್ಟಿರ್ತಾರಲ್ಲೇ!”

ನರ್ಸ್ ಬಂದು ಕರೆದಳು. ಸೊಸೆ ಎದ್ದು, ಜೇಬಿನಿಂದ ಸೀಟಿ ತೆಗೆದು, ತೋಳಿಗೆ ಒರೆಸಿ ಅತ್ತೆಯ ಕೈಗಿಟ್ಟಳು.

“ನೀವೂ ಬನ್ನಿ. ನಾನು ಕೈ ಎತ್ತಿದ್ಮೇಲೂ ಮೆಷಿನ್ ನಿಲ್ಲದಿದ್ರೆ ಊದಿ.”

“ಡಾಕ್ಟ್ರು ಬೈದ್ರೆ?”

“ಬೈಲಿ. ಹಲ್ಲು ನಂದು.”

ಅತ್ತೆ ಸೀಟಿಯನ್ನು ತಿರುಗಿಸಿ ನೋಡಿದರು. ಆಮೇಲೆ ಅಲ್ಲೇ, ಕೆನ್ನೆ ಉಬ್ಬಿಸಿ, ಒಂದು ಸಲ ಜೋರಾಗಿ ಊದಿದರು. ಪಕ್ಕದ ಕೋಣೆಯಲ್ಲಿ ಯಾರದೋ ಹಲ್ಲು ಕೊರೆಯುತ್ತಿದ್ದ ಮೆಷಿನ್ ಗಕ್ಕನೆ ನಿಂತಿತು.

“ನಿಲ್ತು ನೋಡು! ನಡಿ ಒಳಗೆ,” ಎಂದು ಅತ್ತೆ ಸೊಸೆಗಿಂತ ಮುಂದಾಗಿ ನಡೆದರು.